ಕತ್ತಲಲ್ಲಿ ಕೂತವನ ಕಣ್ಣು

ಇವತ್ತು ರಾಜಕೀಯ ಬೇಡ. ಯಾರು ಯಾರ ಕುರ್ಚಿ ಎಳೆದರು ಅನ್ನೋದನ್ನ ನಾಳೆ ನೋಡಿಕೊಳ್ಳೋಣ. ಇವತ್ತು ನೀವು ದಿನವಿಡೀ ದಿಟ್ಟಿಸುವ ಸ್ಕ್ರೀನ್ ಬಗ್ಗೆ, ಅದನ್ನು ನೋಡಿ ನೋಡಿ ಸೋತ ಕಣ್ಣಿನ ಬಗ್ಗೆ ಮಾತಾಡೋಣ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ. ವಿಡಿಯೋ ಎಡಿಟರ್. ಹಾವೇರಿ ಕಡೆಯವನು. ಅವನ ಮುಖ ನೀವು ಯಾವತ್ತೂ ನೋಡಿಲ್ಲ. ಆದರೆ ರಾತ್ರಿ ನೀವು ನೋಡುವ ಎಷ್ಟೋ ದೃಶ್ಯಗಳು ಅವನ ಕಣ್ಣು ದಾಟಿಯೇ ನಿಮ್ಮ ಮನೆಗೆ ಬರುತ್ತವೆ. ದಿನಕ್ಕೆ ಹತ್ತು ಗಂಟೆ ಮಾನಿಟರ್ ಮುಂದೆ.

ಒಂದು ಸಂಜೆ ಬಂದು ನಿಂತ. ಕಣ್ಣು ದಾಸವಾಳದ ಹಾಗೆ ಕೆಂಪಾಗಿತ್ತು. "ಸಾರ್, ಊರಿಗೆ ಹೋಗಿಬಿಡ್ತೀನಿ. ಸಂಜೆ ಆದ್ರೆ ಅಕ್ಷರ ಮಸುಕಾಗ್ತವೆ, ತಲೆ ಸಿಡಿಯುತ್ತೆ. ಕಣ್ಣೇ ಹೋದ್ರೆ ಮನೆ ಯಾರು ನೋಡ್ಕೋತಾರೆ ಸಾರ್?" ಅಂದ. ಮೂಗಿನ ಮೇಲೆ ನೀಲಿ ಬೆಳಕು ತಡೆಯುತ್ತೆ ಅಂತ ಹೇಳಿ ಮಾರಿದ ಕನ್ನಡಕ. ಜೇಬಲ್ಲಿ ಯಾರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್.

ಅವನು ಕೂರುವ ಕೋಣೆಗೆ ಹೋದೆ. ಗವಿಯಂಥ ಕತ್ತಲು. ಮಧ್ಯದಲ್ಲಿ ಮಾನಿಟರ್ ಮಾತ್ರ ಧಗಧಗ ಉರೀತಾ ಇದೆ.

"ಯಾಕಪ್ಪಾ, ಲೈಟ್ ಹಾಕ್ಕೊಂಡಿಲ್ಲ?"

"ನೀವೇ ಆರ್ಸು ಅಂದಿದ್ರಲ್ಲ ಸಾರ್."

ಹೌದು. ನಾನೇ ಹೇಳಿದ್ದೆ. ಟ್ಯೂಬ್‌ಲೈಟ್ ಸ್ಕ್ರೀನಿನಲ್ಲಿ ಹೊಳೆಯುತ್ತೆ, ಬಣ್ಣ ಸರಿಯಾಗಿ ಕಾಣಲ್ಲ, ಆರಿಸಿಬಿಡು ಅಂದಿದ್ದೆ. ಹೇಳಿ ಮರೆತೆ. ಅವನು ಎರಡು ವರ್ಷ ಪಾಲಿಸಿದ.

ನಮ್ಮಲ್ಲಿ ಸ್ಟುಡಿಯೋ ಲೈಟಿಂಗ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆದೆ. ನೋಡಿದವರೇ ನನಗೇ ಬೈದರು. "ಟ್ಯೂಬ್ ಆರಿಸಿದ್ದು ಸರಿ ಸಾರ್. ಅದರ ಬದಲಿಗೆ ಏನು ಹಚ್ಚಬೇಕು ಅಂತ ಹೇಳಿದ್ರಾ?" ಅಂದರು. ಒಂದು ಸಣ್ಣ ಎಲ್‌ಇಡಿ ಪಟ್ಟಿ ತಂದು ಮಾನಿಟರ್ ಬೆನ್ನಿಗೆ ಅಂಟಿಸಿದರು. ಬೆಳಕು ಹುಡುಗನ ಮುಖಕ್ಕಲ್ಲ, ಹಿಂದಿನ ಗೋಡೆಗೆ. ಟಿವಿ ಕಸುಬಿನಲ್ಲಿ ಇದಕ್ಕೆ ಬಯಾಸ್ ಲೈಟ್ ಅಂತಾರೆ. ಬಣ್ಣ ತಿದ್ದುವ ಕೋಣೆಗಳಲ್ಲಿ ಇದು ಹಳೇ ಪದ್ಧತಿ. ಆ ಬೆಳಕು 6500 ಕೆಲ್ವಿನ್ ಇರಬೇಕು, ಯಾಕಂದ್ರೆ ಟಿವಿಯ ಬಿಳಿ ಬಣ್ಣದ ಅಳತೆಯೂ ಅದೇ. ಆಮೇಲೆ ಮಾನಿಟರಿನ ಬ್ರೈಟ್‌ನೆಸ್ ತಗ್ಗಿಸಿದರು.

ಅಷ್ಟೇ ಸ್ವಾಮಿ. ನಮ್ಮ ಕಸುಬಿಗೇ ಗೊತ್ತಿದ್ದ ವಿದ್ಯೆ. ನನಗೆ ಗೊತ್ತಿರಲಿಲ್ಲ.

ಯಾಕೆ ಹೀಗೆ? ಕಣ್ಣಿನ ಪಾಪೆ ಬೆಳಕು ಹೆಚ್ಚಾದರೆ ಕಿರಿದಾಗುತ್ತೆ, ಕತ್ತಲಾದರೆ ಅಗಲವಾಗುತ್ತೆ. ಕತ್ತಲ ಕೋಣೆಯಲ್ಲಿ ಉರಿಯುವ ಸ್ಕ್ರೀನ್ ಇಟ್ಟರೆ ಪಾಪೆ ಯಾರ ಮಾತು ಕೇಳಬೇಕು? ಸ್ಕ್ರೀನ್ ಮಾತನ್ನೋ, ಗೋಡೆ ಮಾತನ್ನೋ? ಕಣ್ಣು ಅತ್ತಿಂದಿತ್ತ ಹೋದಾಗಲೆಲ್ಲ ಹೊಸದಾಗಿ ಹೊಂದಿಕೊಳ್ಳಬೇಕು. ಹಾಗಾಗಿ ಸ್ಕ್ರೀನ್ ಒಂದನ್ನೇ ದೂರಬೇಡಿ. ಸ್ಕ್ರೀನಿಗೂ ಕೋಣೆಗೂ ಹೊಂದಾಣಿಕೆ ಇಲ್ಲದಿರುವುದೇ ದೊಡ್ಡ ತೊಂದರೆ.

ನಿಮ್ಮ ಮನೆಯಲ್ಲಿ ಹೊಂದಾಣಿಕೆ ಇದೆಯಾ? ಎರಡು ಪರೀಕ್ಷೆ ಮಾಡಿ, ಖರ್ಚಿಲ್ಲ. ಒಂದು, ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆಗೆದು, ಪಕ್ಕದಲ್ಲಿ ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್ ದೀಪದ ಹಾಗೆ ಬೆಳಗುತ್ತಿದೆಯಾ? ಬ್ರೈಟ್‌ನೆಸ್ ಇಳಿಸಿ. ಬೂದಿ ಬಳಿದ ಹಾಗಿದೆಯಾ? ಏರಿಸಿ. ಎರಡೂ ಒಂದೇ ಹಾಗೆ ಕಂಡರೆ ಸರಿ. ಎರಡು, ಸ್ಕ್ರೀನ್ ಆರಿಸಿ ಆ ಕಪ್ಪು ಗಾಜಿನಲ್ಲಿ ನೋಡಿ. ಕಿಟಕಿ ಕಾಣ್ತಿದೆಯಾ? ಬಲ್ಬ್ ಕಾಣ್ತಿದೆಯಾ? ದಿನವಿಡೀ ನಿಮ್ಮ ಕಣ್ಣು ಆ ಹೊಳಪಿನ ಜೊತೆ ಗುದ್ದಾಡುತ್ತಿದೆ ಅಂತ ಅರ್ಥ. ಟೇಬಲ್ ತಿರುಗಿಸಿ. ಕಿಟಕಿ ಹಿಂದೆಯೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಬರೆಯುವಾಗ ದೀಪ ಎಡಗಡೆ ಇಟ್ಟುಕೋ ಅಂತ ಅಜ್ಜಿ ಹೇಳ್ತಿದ್ದಳಲ್ಲ, ಬೆಳಕು ಯಾವ ಕಡೆಯಿಂದ ಬರಬೇಕು ಅನ್ನೋ ಲೆಕ್ಕ ಅವಳಿಗಿತ್ತು.

ಈಗ ಬಣ್ಣ. ಎಲ್‌ಇಡಿ ಬಲ್ಬಿನ ಡಬ್ಬ ನೋಡಿ, 2700 ಕೆಲ್ವಿನ್ ಅಂತಲೋ 6500 ಕೆಲ್ವಿನ್ ಅಂತಲೋ ಬರೆದಿರುತ್ತೆ. ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಹಳದಿ, ಜಾಸ್ತಿ ಇದ್ದಷ್ಟೂ ನೀಲಿಗೆ ತಿರುಗಿದ ಬಿಳಿ. ರಾತ್ರಿ ಹಳದಿ ದೀಪದ ಕೆಳಗೆ ನೀಲಿ ಬಿಳುಪಿನ ಸ್ಕ್ರೀನ್ ಇಟ್ಟರೆ ಕಣ್ಣಿಗೆ ರಾಚುತ್ತೆ. ಅದಕ್ಕೇ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ನೈಟ್ ಲೈಟ್ ಅಂತ ಒಂದು ವ್ಯವಸ್ಥೆ ಕೊಟ್ಟಿದ್ದಾರೆ. ಐಫೋನಿಗೆ ಅದು 2016ರಲ್ಲಿ ಬಂತು, ವಿಂಡೋಸ್‌ಗೆ 2017ರಲ್ಲಿ. ದುಡ್ಡು ಕೊಡಬೇಕಾಗಿಲ್ಲ. ಸಂಜೆ ಆನ್ ಮಾಡಿ. ಬಣ್ಣದ ಕೆಲಸ ಮಾಡುವ ನಮ್ಮ ಹುಡುಗನಂಥವರಿಗೆ ಇದು ಆಗಲ್ಲ, ಉಳಿದವರಿಗೆ ಹಿತ. ಇನ್ನು ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಎಲ್ಲರಿಗೂ ಒಗ್ಗಲ್ಲ. ಕಣ್ಣಿನಲ್ಲಿ ಸಿಲಿಂಡರ್ ಪವರ್ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿಕೊಂಡ ಹಾಗೆ ಕಾಣಬಹುದು.

ಹಾಗಾದ್ರೆ ಆ ನೀಲಿ ಕನ್ನಡಕ? 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿತು. ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸಕ್ಕೆ, ಕಡಿಮೆ ಅವಧಿಯಲ್ಲಿ, ಸಾಮಾನ್ಯ ಕನ್ನಡಕಕ್ಕಿಂತ ಅದರಿಂದ ಹೆಚ್ಚಿನ ಲಾಭ ಬಹುಶಃ ಇಲ್ಲ ಅಂತ ಬಂತು. ರಾತ್ರಿಯ ನೀಲಿ ಬೆಳಕು ನಿದ್ದೆ ಕೆಡಿಸಬಹುದು, ಅದು ಬೇರೆ ಮಾತು. ಆದರೆ ಆಯಾಸಕ್ಕೆ ನೀಲಿಯನ್ನೇ ಖಳನಾಯಕ ಮಾಡಿ ವ್ಯಾಪಾರ ನಡೀತಿದೆ.

ನಿಜವಾದ ಕಾರಣ ಇನ್ನೊಂದಿದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು, ಸ್ಕ್ರೀನ್ ಮುಂದೆ ಅದರ ಅರ್ಧಕ್ಕೆ ಇಳೀತೀವಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡ್ತೀವಿ ಅಂತೀವಿ, ಆದರೆ ಕಣ್ಣಿನ ನೀರೇ ಆರಿಹೋಗಿರುತ್ತೆ! ಬೇಕೂಂತಲೇ ರೆಪ್ಪೆ ಬಡೀರಿ. 20 ನಿಮಿಷಕ್ಕೊಮ್ಮೆ, 20 ಅಡಿ ದೂರ, 20 ಸೆಕೆಂಡ್ ನೋಡಿ. ಸ್ಕ್ರೀನ್ ಒಂದು ತೋಳಿನಷ್ಟು ದೂರ ಇರಲಿ. ಫ್ಯಾನ್, ಎಸಿ ಗಾಳಿ ಮುಖಕ್ಕೆ ಬೇಡ.

ಆ ಡ್ರಾಪ್ಸ್ ಕಥೆಯೂ ಹೇಳಿಬಿಡ್ತೀನಿ. ಸ್ಟೀರಾಯ್ಡ್ ಇರುವ ಡ್ರಾಪ್ಸನ್ನು ಡಾಕ್ಟರನ್ನು ಕೇಳದೆ ಹಾಕುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಸ್ಕ್ರೀನಿನ ಆಯಾಸ ಕಣ್ಣನ್ನು ಶಾಶ್ವತವಾಗಿ ಹಾಳು ಮಾಡಲ್ಲ, ಅದಕ್ಕೆ ಹುಡುಕಿದ ಅಡ್ಡದಾರಿ ಮಾಡಬಹುದು! ಹುಡುಗನನ್ನು ಕಣ್ಣಿನ ಡಾಕ್ಟರ ಬಳಿ ಕಳಿಸಿದೆವು. ಸಣ್ಣ ಸಿಲಿಂಡರ್ ಪವರ್ ಇತ್ತು. ಇಷ್ಟು ದಿನ ಯಾರೂ ತಪಾಸಣೆಯನ್ನೇ ಮಾಡಿಸಿರಲಿಲ್ಲ. ಕನ್ನಡಕ ಬಂತು, ಬೆಳಕು ಬಂತು, ಊರಿನ ಮಾತು ನಿಂತಿತು.

ಕೊನೆಗೆ, ನನ್ನಂಥ ಮೇಲಿನವರಿಗೆ ಒಂದು ಮಾತು. ಎಂಜಿನಿಯರ್ ಇರಲಿ, ಡೇಟಾ ಎಂಟ್ರಿ ಹೆಣ್ಣುಮಗಳಿರಲಿ, ನಿಮ್ಮ ಕೈಕೆಳಗೆ ದುಡಿಯುವವರು ಕಣ್ಣು ಉಜ್ಜಿಕೊಂಡರೆ "ರಾತ್ರಿ ಮೊಬೈಲ್ ನೋಡಿರ್ತಾನೆ" ಅಂತ ನಗಬೇಡಿ. ಎದ್ದು ಹೋಗಿ. ಅವರ ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಿ. ಬೆಳಕು ಎಲ್ಲಿಂದ ಬರ್ತಿದೆ ಅಂತ ಗಮನಿಸಿ.

ನಾನು ಎರಡು ವರ್ಷ ತಡವಾಗಿ ಕೂತೆ. ನೀವು ನಾಳೆಯೇ ಕೂರಿ.