ಹುಟ್ಟಿದ ನೆಲದ ಹಕ್ಕು ಮತ್ತು ಪರದೇಶದಲ್ಲಿ ಬೆಳೆದ ನಮ್ಮ ಮಕ್ಕಳು

(ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ದುಡಿಮೆಯನ್ನರಸಿ ಜನರು ಈ ಭಾಗಕ್ಕೆ ಬರುತ್ತಿದ್ದ ಕಾಲವೊಂದಿತ್ತು. ಘಟಪ್ರಭೆಯ ಜಲಪಾತದ ಬಳಿಯ ಗಿರಣಿ ಎಷ್ಟೋ ಮನೆಗಳ ಒಲೆ ಉರಿಸಿತು. ಅನಂತರದ ತಲೆಮಾರು ದುಡಿಮೆಗಾಗಿ ಜಿದ್ದಾ, ದಮ್ಮಾಮ್, ದುಬೈಗಳ ದಾರಿ ಹಿಡಿಯಿತು. ತಂದೆ ಹೋದರು, ಕೆಲವು ವರ್ಷಗಳ ಬಳಿಕ ತಾಯಿ ಮತ್ತು ಮಕ್ಕಳೂ ಹೋದರು. ಇದೀಗ ಆ ಮಕ್ಕಳು ಬೆಳೆದು ಹಿಂದಿರುಗುತ್ತಿದ್ದಾರೆ. ಊರು ಅವರನ್ನು ಗುರುತಿಸುತ್ತದೆ, ಅಜ್ಜಿ ಅಪ್ಪಿಕೊಳ್ಳುತ್ತಾಳೆ. ಆದರೆ ಕಚೇರಿಯ ಕಿಟಕಿಯಾಚೆಗಿನ ಅಧಿಕಾರಿ ಕೇಳುವ ಪ್ರಶ್ನೆ ಬೇರೆ: 'ನೀನು ಈ ದೇಶದವನೆಂಬುದಕ್ಕೆ ಏನು ಆಧಾರ?' ಈ ಪ್ರಶ್ನೆಗೆ ನಮ್ಮ ಬಳಿ ಉತ್ತರವಿದೆಯೇ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಒಂದು ಮಾತನ್ನು ಮನಗಾಣೋಣ. ಕೊಲ್ಲಿ ರಾಷ್ಟ್ರಗಳಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಇಪ್ಪತ್ತು ವರ್ಷ ಅಲ್ಲಿದ್ದರೂ ಕೈಯಲ್ಲಿರುವುದು ಇಕಾಮಾ ಮಾತ್ರ. ಅದು ವಾಸದ ಪರವಾನಗಿಯೇ ಹೊರತು ಪೌರತ್ವವಲ್ಲ. ಆದ್ದರಿಂದ ಆ ಮಗುವಿಗೆ ಭಾರತದ ಹೊರತು ಬೇರೆ ನೆಲೆಯಿಲ್ಲ. ಇಲ್ಲಿನ ದಾಖಲೆಯೂ ಕೈತಪ್ಪಿದರೆ ಆ ಮಗು ಯಾವ ದೇಶದ್ದು?

ಕಾನೂನು ಏನನ್ನುತ್ತದೆಂಬುದನ್ನು ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ತಂದೆ, ತಾಯಿ ಇಬ್ಬರೂ ಇಲ್ಲಿಯೇ ಹುಟ್ಟಿದ ಭಾರತೀಯರು. ಅವರಿಗೆ ನಾಲ್ವರು ಮಕ್ಕಳು. ಮೊದಲನೆಯವನು 1986ರಲ್ಲಿ ಮತ್ತು ಎರಡನೆಯವಳು 1990ರಲ್ಲಿ ಇದೇ ಊರಿನಲ್ಲಿ ಹುಟ್ಟಿದರು. ಮೂರನೆಯವಳು 1995ರಲ್ಲಿ ಜಿದ್ದಾದಲ್ಲಿ, ನಾಲ್ಕನೆಯವನು 2006ರಲ್ಲಿ ದಮ್ಮಾಮ್‌ನಲ್ಲಿ ಹುಟ್ಟಿದರು. ನಾಲ್ವರೂ ಬೆಳೆದದ್ದು ಸೌದಿ ಅರೇಬಿಯಾದಲ್ಲಿ. ಒಂದೇ ತಾಯಿಯ ಈ ನಾಲ್ವರು ಮಕ್ಕಳಿಗೆ 1955ರ ಪೌರತ್ವ ಕಾಯಿದೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ!

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ಹಿರಿಯ ಮಗ ಇಲ್ಲಿ ಹುಟ್ಟಿದನೆಂದು ತೋರಿಸಿದರೆ ಸಾಕು. 1987ರ ಜುಲೈ 1ರ ನಂತರ ಹುಟ್ಟಿದ ಎರಡನೆಯವಳಿಗೆ ಅಷ್ಟು ಸಾಲದು. ಹುಟ್ಟಿದಾಗ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿದ್ದರೆಂದೂ ತೋರಿಸಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಇಲ್ಲಿ ಹುಟ್ಟಿದ ಮಗುವಿಗೆ ಷರತ್ತು ಇನ್ನೂ ಬಿಗಿಯಾಗಿದೆ: ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಮೂರನೆಯವಳ ಪೌರತ್ವ ವಂಶದ ಮೂಲಕ ಬರುತ್ತದೆ. ಇಲ್ಲಿ ತಾಯಂದಿರು ಗಮನಿಸಬೇಕಾದ ಸಂಗತಿಯೊಂದಿದೆ. 1992ರ ಡಿಸೆಂಬರ್ 10ರ ತನಕ ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯಿಂದ ಮಾತ್ರ ಪೌರತ್ವ ದೊರೆಯುತ್ತಿತ್ತು. ಆ ದಿನದಿಂದೀಚೆಗೆ ತಾಯಿಯ ಪೌರತ್ವಕ್ಕೂ ಅದೇ ಬೆಲೆ ಬಂದಿದೆ.

ಅತ್ಯಂತ ಎಚ್ಚರ ಬೇಕಾದುದು ನಾಲ್ಕನೆಯವನ ವಿಷಯದಲ್ಲಿ. 2004ರ ಡಿಸೆಂಬರ್ 3ರಿಂದ ಈಚೆಗೆ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಪಾಲಕರು ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರಕಾರದ ಅನುಮತಿ ಅಗತ್ಯ. ಆಸ್ಪತ್ರೆಯ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು 'ಊರಿಗೆ ಹೋದಾಗ ನೋಡೋಣ' ಎನ್ನುವ ತಂದೆ, ತನಗರಿವಿಲ್ಲದೆ ಮಗನ ಹಕ್ಕನ್ನೇ ತೂಗುಯ್ಯಾಲೆಯಲ್ಲಿಡುತ್ತಾನೆ.

ಇನ್ನು ಕೆಲವರ ಮಕ್ಕಳು ಅಮೆರಿಕದಲ್ಲಿ ಹುಟ್ಟಿ ಇಲ್ಲಿ ಬೆಳೆಯುತ್ತಿದ್ದಾರೆ. ಆ ದೇಶದ ಸಂವಿಧಾನಕ್ಕೆ 1868ರಲ್ಲಿ ಬಂದ ಹದಿನಾಲ್ಕನೆಯ ತಿದ್ದುಪಡಿ ಅಲ್ಲಿ ಹುಟ್ಟಿದವರನ್ನು ಪೌರರೆನ್ನುತ್ತದೆ. ಆದರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ಆತನಿಗೆ ಪ್ರವೇಶ ನಿರಾಕರಿಸಲಾಯಿತು. 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆತನನ್ನು ಪೌರನೆಂದು ಸಾರಿತು. ಹುಟ್ಟಿದ ನೆಲಕ್ಕೆ ಮರಳಿದವನೂ ತನ್ನ ಹಕ್ಕನ್ನು ವಾದಿಸಿಯೇ ಪಡೆಯಬೇಕಾಯಿತು! ಅಂಥ ಮಕ್ಕಳ ಪಾಲಕರು ನೆನಪಿಡಬೇಕಾದ ನಿಯಮವೊಂದಿದೆ. ವಂಶದಿಂದ ಭಾರತೀಯನಾದ ಅಪ್ರಾಪ್ತ ವಯಸ್ಕನು ಬೇರೆ ದೇಶದ ಪೌರನೂ ಆಗಿದ್ದರೆ, 18 ವರ್ಷ ತುಂಬಿದ ಆರು ತಿಂಗಳೊಳಗೆ ಆ ಪೌರತ್ವವನ್ನು ತ್ಯಜಿಸಬೇಕು. ತಪ್ಪಿದರೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಎರಡು ದೋಣಿಗಳಲ್ಲಿ ಕಾಲಿಡಲು ನಮ್ಮ ಕಾನೂನು ಬಿಡುವುದಿಲ್ಲ.

ವಿದೇಶದಲ್ಲಿ ಎಷ್ಟು ವರ್ಷ ಬಾಳಿದರೂ ಅದರಿಂದಲೇ ಪೌರತ್ವ ಹೋಗುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಮಾತ್ರ ಅದು ತಾನಾಗಿಯೇ ಹೋಗುತ್ತದೆ. ಆ ನಿರ್ಧಾರದ ಫಲವನ್ನು ಮಕ್ಕಳೂ ಉಣ್ಣಬೇಕಾಗುತ್ತದೆ. ತಂದೆ ತಾಯಿ ಸಿಂಗಾಪುರದ ಪೌರತ್ವ ಪಡೆದ ಬಳಿಕ ಅಲ್ಲಿ ಹುಟ್ಟಿದ ಯುವಕನೊಬ್ಬ, ಪ್ರಾಯಕ್ಕೆ ಬಂದ ಮೇಲೆ ಭಾರತದ ಪೌರತ್ವವನ್ನು ಮರಳಿ ಕೇಳಿದ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಭಾರತೀಯ ತಾಯಿ ಮತ್ತು ಪಾಕಿಸ್ತಾನಿ ತಂದೆಗೆ ದುಬೈಯಲ್ಲಿ ಹುಟ್ಟಿದ ಮಕ್ಕಳ ಅರ್ಜಿಯನ್ನು 2023ರಲ್ಲಿ ಕರ್ನಾಟಕ ಹೈಕೋರ್ಟು ಪುರಸ್ಕರಿಸಲಿಲ್ಲ, ಏಕೆಂದರೆ ಅವರ ಪಾಕಿಸ್ತಾನಿ ಪೌರತ್ವ ಇನ್ನೂ ಕೊನೆಗೊಂಡಿರಲಿಲ್ಲ. ಮಕ್ಕಳ ತಪ್ಪೇನೂ ಇಲ್ಲದಿದ್ದರೂ ಬಾಗಿಲು ತೆರೆಯಲಿಲ್ಲ.

ಸಹೋದರರೇ, ಈಗ ನಮ್ಮ ಮನೆಯ ಕಪಾಟಿನ ಕಡೆಗೆ ಬರೋಣ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮಲ್ಲಿನ ರೂಢಿ. ಜನನ ದಾಖಲಾಗುವುದು ಮಗು ಹುಟ್ಟಿದ ಊರಿನಲ್ಲಿ. ತಾಯಿಯ ತವರು ಹುಕ್ಕೇರಿಯೋ ಮೂಡಲಗಿಯೋ ಆಗಿದ್ದರೆ ಕೊಣ್ಣೂರಿನ ಪುರಸಭೆಯಲ್ಲಿ ಹುಡುಕಿ ಫಲವಿಲ್ಲ. ಮನೆಯಲ್ಲಿಯೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ್ದರೆ ದಾಖಲೆಯೇ ಇಲ್ಲದಿರಬಹುದು. ಆಗಲೂ ದಾರಿಯಿದೆ. ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು ತಡವಾದ ನೋಂದಣಿಗೆ ಅರ್ಜಿ ಹಾಕಬಹುದು. ಒಂದು ವರ್ಷ ಮೀರಿದ ಜನನಕ್ಕೆ ಹಿಂದೆ ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಕೇಂದ್ರದ 2023ರ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗಳಿಗೆ, ಇಲ್ಲವೇ ಜಿಲ್ಲಾ ದಂಡಾಧಿಕಾರಿಗಳಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಕೊಟ್ಟಿದೆ. ವಿದೇಶದಲ್ಲಿ ಹುಟ್ಟಿ, ಅಲ್ಲಿನ ನಮ್ಮ ದೂತಾವಾಸದಲ್ಲಿ ದಾಖಲಾಗದ ಮಗುವಿನೊಂದಿಗೆ ಪಾಲಕರು ನೆಲೆಸಲೆಂದು ಮರಳಿದರೆ, ಮಗು ಬಂದ 60 ದಿನಗಳೊಳಗೆ ಇಲ್ಲಿ ಜನನ ನೋಂದಣಿ ಮಾಡಿಸಬಹುದು. ಆದರೆ ಅದು ಜನನದ ದಾಖಲೆ ಮಾತ್ರ. ಪೌರತ್ವ ಕಾಯಿದೆಯ ಷರತ್ತು ಬೇರೆಯೇ ಇದೆ. ಹಾಗೆಯೇ ಆಧಾರ್ ಪೌರತ್ವದ ಪುರಾವೆಯಲ್ಲವೆಂದು 2016ರ ಆಧಾರ್ ಕಾಯಿದೆಯೇ ಹೇಳುತ್ತದೆ.

ಹೆಸರಿನ ಗೊಂದಲವಂತೂ ನಮ್ಮದೇ ಸೃಷ್ಟಿ. ಶಾಲೆಯ ದಾಖಲೆಯಲ್ಲಿ ಮುಲ್ಲಾ, ಬಾಗವಾನ, ನದಾಫ್ ಎಂಬ ಅಡ್ಡಹೆಸರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಮಾಯವಾಗಿ ತಂದೆಯ ಹೆಸರು ಸೇರಿರುತ್ತದೆ. ನಿಕಾಹ್ ದಾಖಲೆಯಲ್ಲಿ ತಾಯಿಯ ಹೆಸರು ಒಂದು, ಮಗುವಿನ ಜನನ ಪತ್ರದಲ್ಲಿ ಇನ್ನೊಂದು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನರು ಹೊರಗುಳಿದರು. ಅಲ್ಲಿ ಅಕ್ಷರ ಮತ್ತು ಅಂಕಿಗಳ ವ್ಯತ್ಯಾಸಗಳೇ ಎಷ್ಟೋ ಬಡ ಕುಟುಂಬಗಳನ್ನು ಸಂಕಟಕ್ಕೆ ನೂಕಿದವು.

ನಾನು ಯಾರನ್ನೂ ಹೆದರಿಸಲು ಬಂದಿಲ್ಲ. ಈ ಊರು ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ನಮ್ಮ ಹಿರಿಯರು ಇದ್ದಲ್ಲಿಯೇ ಇದ್ದರು. ಈ ನೆಲದ ಮೇಲಿನ ನಮ್ಮ ಹಕ್ಕು ಯಾರ ಔದಾರ್ಯವೂ ಅಲ್ಲ. ಕಾಗದ ಕೇಳುವ ಸರಕಾರಕ್ಕೂ ಒಂದು ಹೊಣೆಯಿದೆ. ಹಳೆಯ ರಿಜಿಸ್ಟರುಗಳನ್ನು ಜೋಪಾನವಾಗಿಡಬೇಕು, ನಕಲು ಕೇಳಿದ ಬಡವನನ್ನು ಹತ್ತು ಸಲ ಅಲೆಸಬಾರದು. 1987ರ ಮತ್ತು 2004ರ ಬದಲಾವಣೆಗಳು ಜನ್ಮಸಿದ್ಧ ಹಕ್ಕಿನ ಹೊಸ್ತಿಲನ್ನು ಎತ್ತರಿಸುತ್ತಲೇ ಬಂದಿವೆ. ಅದನ್ನು ಪ್ರಶ್ನಿಸುವ ಸ್ವಾತಂತ್ರ್ಯ ಪ್ರಜೆಗಳಿಗಿದೆ. ಆದರೆ ಸರಕಾರದ ಲೋಪವನ್ನು ತೋರಿಸಿ ನಮ್ಮ ಆಲಸ್ಯವನ್ನು ಮುಚ್ಚಿಕೊಳ್ಳುವುದು ಸರಿಯೇ?

ಪ್ರತಿಯೊಂದು ಜಮಾಅತ್ ತನ್ನ ನಿಕಾಹ್ ದಾಖಲೆಗಳಲ್ಲಿ ಪೂರ್ಣ ಹೆಸರನ್ನು ಸ್ಪಷ್ಟವಾಗಿ ಬರೆಯಲಿ. ಕಾನೂನು ಓದಿದ ತರುಣರು ತಿಂಗಳಿಗೊಂದು ದಿನ ಕುಳಿತು ಅರ್ಜಿ ಬರೆದುಕೊಡಲಿ. ಮಗನ ಕಾಗದಗಳಂತೆಯೇ ಮಗಳ ಕಾಗದಗಳನ್ನೂ ಕಾಪಾಡೋಣ. ನಾಳೆ ಆಕೆಯ ಮಗುವಿನ ಪೌರತ್ವಕ್ಕೆ ಅದೇ ಆಧಾರವಾದೀತು. ಹೊರದೇಶದಲ್ಲಿರುವ ನಿಮ್ಮ ಮಕ್ಕಳಿಗೆ, ಅಳಿಯಂದಿರಿಗೆ ಇಂದು ರಾತ್ರಿಯೇ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿರಿ: 'ಕೂಸಿನ ಹೆಸರು ನಮ್ಮ ದೂತಾವಾಸದಲ್ಲಿ ದಾಖಲಾಗಿದೆಯೇ?'

ಮಕ್ಕಳು ನಮ್ಮ ಬಳಿಯಿರುವ ಅಮಾನತ್. ಅವರ ಹಕ್ಕುಗಳೂ ಹಾಗೆಯೇ. ಇಷ್ಟು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.