ಕ್ಯಾಮರಾದ ಮುಂದಿನ ತನಿಖೆ

(ಘಣಸೋಲಿಯ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣದ ಲೇಖನರೂಪ)



ಘಣಸೋಲಿಯ ನಮ್ಮ ಮನೆಯಲ್ಲಿ ಮಕ್ಕಳು ಮರಾಠಿ, ಹಿಂದಿಗಳಲ್ಲೇ ಹರಟುತ್ತಾರೆ. ಆದ್ದರಿಂದ ಟಿವಿಯಲ್ಲಿ ಬೆಂಗಳೂರಿನ ಪೊಲೀಸರ ಕನ್ನಡ ಕೇಳಿಬಂದಾಗ ನಾನು ಹಿಗ್ಗಿದೆ. 2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಕ್ರೈಂ ಸ್ಟೋರೀಸ್: ಇಂಡಿಯಾ ಡಿಟೆಕ್ಟಿವ್ಸ್' ಎಂಬ ನಾಲ್ಕು ಕಂತುಗಳ ಮಾಲಿಕೆ ಅದು. ನಟರಿಲ್ಲ, ನಿಜವಾದ ಅಧಿಕಾರಿಗಳು, ನಿಜವಾದ ಠಾಣೆ, ನಿಜವಾದ ಸಾವು.

ಮೊದಲ ಕಂತು 2020ರಲ್ಲಿ ಬೆಂಗಳೂರಿನಲ್ಲಿ ನಡೆದ ಒಬ್ಬ ತಾಯಿಯ ಕೊಲೆಯದು. ಆರೋಪ ಮಗಳ ಮೇಲೆ. ಆ ಪ್ರಕರಣದ ಇನ್ನೊಬ್ಬ ಆರೋಪಿ, ನ್ಯಾಯಯುತ ವಿಚಾರಣೆಯ ತನ್ನ ಹಕ್ಕಿಗೆ ಧಕ್ಕೆಯಾಗುತ್ತದೆಂದು ನ್ಯಾಯಾಲಯದ ಮೊರೆಹೊಕ್ಕ. 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಆ ಕಂತಿನ ಪ್ರಸಾರಕ್ಕೆ ಮಧ್ಯಂತರ ತಡೆ ನೀಡಿತು. ಆದರೆ ಆ ವೇಳೆಗೆ ಲಕ್ಷಾಂತರ ಮನೆಗಳ ನಡುಕೋಣೆಗಳಲ್ಲಿ ತೀರ್ಪು ಆಗಿಹೋಗಿರಲಿಲ್ಲವೆ? ನಮ್ಮ ಮನೆಯಲ್ಲಂತೂ ಊಟ ಮುಗಿಯುವ ಮೊದಲೇ ಆಗಿತ್ತು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮದ 23ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ಠಾಣೆಯ ನಾಲ್ಕು ಗೋಡೆಗಳ ನಡುವೆ ಮಾತು ಭಯದಿಂದಲೂ ಬರಬಹುದೆಂಬ ಅರಿವು ಅದರ ಹಿಂದಿದೆ. ನ್ಯಾಯಾಧೀಶರು ಕೇಳಬಾರದ ಮಾತನ್ನು ನೋಡುಗನು ಕೇಳಿ ತಲೆದೂಗುವುದು ಎಂಥ ವಿಪರ್ಯಾಸ!

ಪೊಲೀಸರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಿದ್ದೆಗೆಟ್ಟು ದುಡಿಯುವ ಅವರ ಶ್ರಮವನ್ನು ಈ ಮಾಲಿಕೆ ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ಪೊಲೀಸರು ಮಾಧ್ಯಮಗಳಿಗೆ ಮಾಹಿತಿ ನೀಡುವ ಬಗೆಗೆ ಕೈಪಿಡಿ ರಚಿಸಬೇಕೆಂದು ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ನಿರ್ದೇಶಿಸಿತು. ಆದರೆ ನೋಡುಗನ ಮನಸ್ಸಿಗೆ ಕೈಪಿಡಿ ಬರೆಯುವವರು ಯಾರು?

ಇದನ್ನು ಹೇಳುವ ನಾನೂ ನಿರ್ದೋಷಿಯಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ಇಲಾಖಾ ವಿಚಾರಣೆಗಳನ್ನು ನಡೆಸಿದ್ದೇನೆ. ಒಮ್ಮೆ ಒಬ್ಬ ಗುಮಾಸ್ತನ ಉತ್ತರ ಕೈಸೇರುವ ಮೊದಲೇ ವರದಿಯ ಕೊನೆಯ ಪುಟವನ್ನು ಬರೆದಿಟ್ಟಿದ್ದೆ. ಉತ್ತರ ಬಂತು, ಜೊತೆಗೆ ದಾಖಲೆಯೂ ಬಂತು. ಆತ ತಪ್ಪು ಮಾಡಿರಲಿಲ್ಲ. ಆ ಪುಟವನ್ನು ಹರಿದೆ. ಆದರೆ ಅದನ್ನು ಬರೆದ ಕೈ ನನ್ನದೇ ತಾನೆ?

ಹೊರನಾಡಿನಲ್ಲಿರುವ ನಾವು ಕನ್ನಡ ಕೇಳಿದೊಡನೆ 'ನಮ್ಮವರು' ಎನ್ನುತ್ತೇವೆ. ಆ ಠಾಣೆಯಲ್ಲಿ ಪ್ರಶ್ನೆ ಕೇಳುವವರೂ ನಮ್ಮವರು, ತಲೆತಗ್ಗಿಸಿ ಕುಳಿತವರೂ ನಮ್ಮವರು, ತಾಯಿಯನ್ನು ಕಳೆದುಕೊಂಡ ಮನೆಯೂ ನಮ್ಮದೇ. ನೋಡಬೇಡಿ ಎನ್ನಲಾರೆ. ನೋಡಿ, ಆದರೆ ಕೊನೆಯ ಪುಟವನ್ನು ನ್ಯಾಯಾಲಯಕ್ಕೆ ಬಿಡಿ.