ಅಂಗಡಿಯ ದೂರವಾಣಿ ಯಾರ ಹೆಸರಿನಲ್ಲಿದೆ?

(ಮುಂಬಯಿಯಲ್ಲಿ ಸಂಘದ ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತ್ಯ ಸಂಗೀತಗಳನ್ನು ಕುರಿತು ಮಾತನಾಡಿದ ವಿದ್ವಾಂಸರುಂಟು. ನಾವಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಸಣ್ಣ ವ್ಯಾಪಾರಕ್ಕೆ ದೂರವಾಣಿಯನ್ನೂ ಅಂತರಜಾಲವನ್ನೂ ಆರಿಸಿಕೊಳ್ಳುವ ಬಗೆಯನ್ನು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಇಲ್ಲಿ ಹೋಟೆಲಿನವರಿದ್ದೀರಿ, ಹೊಲಿಗೆ ಅಂಗಡಿಯವರಿದ್ದೀರಿ, ಮನೆಯಲ್ಲೇ ಚಟ್ನಿಪುಡಿ ಹಪ್ಪಳ ಮಾಡಿ ಫೋನಿನ ಮೇಲೆಯೇ ಗಿರಾಕಿ ಸಂಪಾದಿಸಿದ ತಾಯಂದಿರಿದ್ದೀರಿ. ಎಲ್ಲರಿಗೂ ಸಲ್ಲುವ ಮಾತಿದು.

ಮೊದಲು ನಮ್ಮ ಕೌಂಟರಿನ ಮುಂದೆ ನಡೆದ ಒಂದು ಪ್ರಸಂಗವನ್ನು ಹೇಳುತ್ತೇವೆ. ಬಹುಕಾಲದಿಂದ ಹೋಟೆಲು ನಡೆಸುತ್ತಿರುವ ನಮ್ಮವರೊಬ್ಬರು ಒಂದು ಬೆಳಿಗ್ಗೆ ಬೆವರೊರೆಸಿಕೊಳ್ಳುತ್ತ ಬಂದರು. ಗಲ್ಲಾದ ಮೇಲಿನ ಮೊಬೈಲು ಸತ್ತುಹೋಗಿತ್ತು. ಬೋರ್ಡಿಗೆ, ಬಿಲ್ಲಿಗೆ, ಬ್ಯಾಂಕಿನ ಖಾತೆಗೆ ಎಲ್ಲಕ್ಕೂ ಅದೊಂದೇ ನಂಬರು. ಆದರೆ ಸಿಮ್ಮು ಕೊಂಡದ್ದು ಹಿಂದೆ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗನ ಗುರುತಿನ ಚೀಟಿಯ ಮೇಲೆ. ಅವನು ಮುನಿಸಿಕೊಂಡು ಕೆಲಸ ಬಿಟ್ಟವನು, ಸಿಮ್ಮು ಕಳೆಯಿತೆಂದು ಹೇಳಿ ಅದೇ ನಂಬರಿಗೆ ಹೊಸದನ್ನು ತೆಗೆದುಕೊಂಡಿದ್ದ. ಕಂಪೆನಿಯವರು ದಾಖಲೆ ನೋಡಿ, ಅವನೇ ಒಡೆಯನೆಂದರು. ಬ್ಯಾಂಕಿನ ಓಟಿಪಿಗಳೆಲ್ಲ ಅವನ ಕೈಗೆ! ಆ ದಿನವೇ ಖಾತೆಯ ನಂಬರು ಬದಲಿಸಿಕೊಟ್ಟೆವು, ಹಣ ಉಳಿಯಿತು. ಆದರೆ ಹನ್ನೊಂದು ವರ್ಷ ಗಿರಾಕಿಗಳ ಬಾಯಲ್ಲಿದ್ದ ನಂಬರನ್ನು ನಾವು ತಂದುಕೊಡಲಾರದೆ ಹೋದೆವು. “ಲೈಸೆನ್ಸು ನನ್ನ ಹೆಸರಲ್ಲುಂಟು, ಕರೆಂಟು ನನ್ನ ಹೆಸರಲ್ಲುಂಟು, ಇದೊಂದು ತಲೆಗೇ ಹೋಗಲಿಲ್ಲ ಮಾರಾಯ್ರೆ” ಎಂದು ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು.

ಆದುದರಿಂದ ದರಪಟ್ಟಿಯನ್ನು ನೋಡುವ ಮೊದಲು ಹೆಸರನ್ನು ನೋಡಿರಿ. ನಂಬರು ಮಾಲಿಕರ ಅಥವಾ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆಯೆಂಬುದನ್ನು ಸರಕಾರವು 2023ರಲ್ಲಿ ತೆರೆದ ‘ಸಂಚಾರ ಸಾಥಿ’ ತಾಣದಲ್ಲಿ ನೋಡಬಹುದು. ನೌಕರನ ಹೆಸರಿನಲ್ಲಿದ್ದರೆ, ಸ್ನೇಹವಿರುವಾಗಲೇ ಇಬ್ಬರೂ ಹೋಗಿ ಹೆಸರು ಬದಲಿಸಿಕೊಳ್ಳಿರಿ. ಬಳಸದೆ, ರೀಚಾರ್ಜು ಮಾಡದೆ ಬಿಟ್ಟ ನಂಬರನ್ನು 90 ದಿನಗಳಾದ ಮೇಲೆ ಮುಚ್ಚಬಹುದು. ಮುಂದೆ ಅದು ಬೇರೊಬ್ಬರ ಪಾಲಾಗುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋಗಿ ಕುಳಿತವರು ಇದನ್ನು ಮರೆಯಬಾರದು.

ಎರಡನೆಯದು, ಕಂಪೆನಿಯ ಆಯ್ಕೆ. ನಂಬರು ಹೋದರೆ ಬಾರದು. ಕಂಪೆನಿಯನ್ನು ಬದಲಿಸುವುದಾದರೋ ಸುಲಭ. 2011ರ ಜನವರಿಯಿಂದ ದೇಶದಾದ್ಯಂತ ನಂಬರನ್ನು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು ನಮಗಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಸಂಕೇತವೊಂದು ಬರುತ್ತದೆ. ಅದನ್ನು ಹೊಸ ಕಂಪೆನಿಗೆ ಕೊಡಬೇಕು. ಹಳೆಯ ಬಾಕಿ ಇರಕೂಡದು. ಯಾರನ್ನು ಆರಿಸಬೇಕೆಂದರೆ, ಜಾಹೀರಾತನ್ನು ಕೇಳಬೇಡಿ, ಗೋಡೆಯನ್ನು ಕೇಳಿರಿ. ಪರಿಚಯದವರ ಬೇರೆ ಬೇರೆ ಕಂಪೆನಿಯ ಫೋನುಗಳನ್ನು ಗಲ್ಲಾದ ಬಳಿ, ಒಳಗಿನ ಅಡಿಗೆಮನೆಯಲ್ಲಿ, ಮಧ್ಯಾಹ್ನದ ಊಟದ ನೂಕುನುಗ್ಗಲಿನಲ್ಲಿ ಹಚ್ಚಿ ನೋಡಿರಿ. ಅಲ್ಲಿ ಯಾವುದು ಮಾತನಾಡುವುದೋ ಅದೇ ನಿಮ್ಮ ಕಂಪೆನಿ.

ಮೂರನೆಯದು ಅಂತರಜಾಲ. ವೇಗ, ವೇಗ ಎಂದು ಮಾರುವವರು ಕೂಗುತ್ತಾರೆ. ನೂರು ಮೆಗಾಬಿಟ್ಟೆಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು ಮಾತ್ರ. ಎಂಟು ಬಿಟ್ಟಿಗೆ ಒಂದು ಬೈಟು. ಆದರೆ ಬಿಲ್ಲು ಮಾಡಲು, ಕ್ಯೂಆರ್ ಹಣ ಪಡೆಯಲು ಅಷ್ಟೂ ಬೇಡ. ನಮಗೆ ಬೇಕಾದುದು ನಿಲ್ಲದೆ ನಡೆಯುವ ಲೈನು. ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡುತ್ತೀರಿ, ಡೇಟಾ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕಿಳಿಯುತ್ತದೆ, ಈ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಇನ್ನೊಂದು ಸೂಕ್ಷ್ಮವುಂಟು. ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ದೀಪ ಹೋದರೂ ಅದು ಮಾತನಾಡುತ್ತಿತ್ತು. ಫೈಬರಿನ ಪೆಟ್ಟಿಗೆ ನಮ್ಮ ಪ್ಲಗ್ಗನ್ನೇ ನಂಬಿದೆ. ಅದಕ್ಕೊಂದು ಚಿಕ್ಕ ಬ್ಯಾಟರಿ ಇರಿಸಿರಿ. ಜೊತೆಗೆ ಬೇರೆ ಕಂಪೆನಿಯ ಮೊಬೈಲು ಸಿದ್ಧವಿರಲಿ. ಒಂದೇ ಕಂಪೆನಿಯ ಎರಡು ಲೈನು ಒಂದೇ ದಿನ ಮಲಗಬಹುದು. ಮನೆಯಿಂದಲೇ ವ್ಯಾಪಾರ ಮಾಡುವ ತಾಯಂದಿರಿಗೆ ಫೈಬರು ಅವಶ್ಯವಲ್ಲ, ಮೊಬೈಲೇ ಸಾಕು. ವ್ಯಾಪಾರದ ನಂಬರು ಮಾತ್ರ ಬೇರೆಯಿರಲಿ.

ಕಡೆಗೆ ನಮ್ಮ ಕಸುಬಿನ ಲೆಕ್ಕ. 28 ದಿನದ ಪ್ಲಾನು ವರ್ಷಕ್ಕೆ 12 ಸಲವಲ್ಲ, 13 ಸಲ ಬರುತ್ತದೆ. 300 ರೂಪಾಯಿಯದಾದರೆ ವರ್ಷದ ಖರ್ಚು 3,600 ಅಲ್ಲ, 3,900. 30 ದಿನದ ಪ್ಲಾನು ಒಂದಾದರೂ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ ವಿಧಿಸಿದೆ; ಕೇಳಿರಿ. ಫೈಬರಿನ 1,000 ರೂಪಾಯಿಯ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. ಸೇರಿ 1,180 ಆಗುತ್ತದೆ. ನೋಂದಣಿಯಾಗಿ ಸಾಮಾನ್ಯ ರೀತಿಯಲ್ಲಿ ತೆರಿಗೆ ಕಟ್ಟುವ ಅಂಗಡಿಯವರು ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಬರೆಸಿದರೆ ಆ 180ನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯವರಿಗೂ ನೂರಕ್ಕೆ 5ರಂತೆ ತೆರಿಗೆ ಕಟ್ಟುವ ಹೋಟೆಲಿನವರಿಗೂ ಈ ಅನುಕೂಲವಿಲ್ಲ. ದೂರು ಕೊಟ್ಟಾಗ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿರಿ. ನ್ಯಾಯ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯುವ ಹಕ್ಕುಂಟು.

ಬಂಧುಗಳೇ, ಟ್ರಂಕ್ ಕಾಲಿನ ದಿನಗಳಲ್ಲಿ ಊರಿನ ಸುದ್ದಿ ನಮ್ಮವರ ಹೋಟೆಲಿನ ಫೋನಿಗೆ ಬರುತ್ತಿತ್ತೆಂದು, ಹೆರಿಗೆಯಾದರೂ ಮರಣವಾದರೂ ಗಲ್ಲಾದಲ್ಲಿದ್ದವರೇ ಓಡಿ ಬಂದು ತಿಳಿಸುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಪರಸ್ಥಳದಲ್ಲಿ ಬದುಕು ಕಟ್ಟಿದ ನಮಗೆ ನಂಬರೆಂದರೆ ಬರಿಯ ಅಂಕಿಗಳಲ್ಲ. ಹತ್ತು ಜನ ನಮ್ಮನ್ನು ಹುಡುಕಿ ಬರುವ ವಿಳಾಸ. ಇಂದು ಮನೆಗೆ ಹೋದೊಡನೆ ಆ ವಿಳಾಸ ಯಾರ ಹೆಸರಿನಲ್ಲಿದೆಯೆಂದು ನೋಡಿಕೊಳ್ಳಿರೆಂಬುದೇ ನಮ್ಮ ವಿಜ್ಞಾಪನೆ.

ಸಿರಿಗನ್ನಡಂ ಗೆಲ್ಗೆ.